ಬೆಂಕಿಯಿಲ್ಲದ ಹೊಗೆ

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಹಿರಿಯರ ಮಾತನ್ನು ಅಲ್ಲಗಳೆಯುವ ವಯಸ್ಸು ನನ್ನದಲ್ಲ; ನಾನೇ ಈಗ ಆ ಸಾಲಿಗೆ ಸೇರಿಕೊಂಡಿದ್ದೇನೆ. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಬೆಂಕಿ ಆರಿ ಎರಡು ವರ್ಷ ಕಳೆದ ಮೇಲೂ ಹೊಗೆ ಇತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ನನ್ನ ಮೂಗಿಗಂತೂ ತಿಳಿಯುತ್ತಲೇ ಇರಲಿಲ್ಲ. ಉಳಿದವರಿಗೆಲ್ಲ ತಿಳಿಯುತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ನಾನು ಸಿಗರೇಟು ಹಿಡಿದದ್ದು 1983ರಲ್ಲಿ, ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ. ಬಿಟ್ಟದ್ದು 2022ರಲ್ಲಿ, ಡಾಕ್ಟರು ನನ್ನ ಎದೆಯೊಳಗೆ ಒಂದು ಸ್ಟೆಂಟು ಕೂರಿಸಿ, "ಇನ್ನು ನೀವುಂಟು, ನಿಮ್ಮ ಸಿಗರೇಟುಂಟು" ಎಂದು ಕೈತೊಳೆದುಕೊಂಡ ಮೇಲೆ. ಮೂವತ್ತೊಂಬತ್ತು ವರ್ಷದ ಚಟವನ್ನು ಒಂದೇ ದಿನಕ್ಕೆ ಬಿಟ್ಟವನು ನಾನು ಎಂಬ ಹೆಮ್ಮೆ ನನಗಿತ್ತು. ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದೆ. ಅವರೂ "ಭೇಷ್, ಭೇಷ್" ಎನ್ನುತ್ತ, ಮೆಲ್ಲಗೆ ಕುರ್ಚಿಯನ್ನು ಕಿಟಕಿಯ ಕಡೆಗೆ ಸರಿಸಿಕೊಳ್ಳುತ್ತಿದ್ದರು. ಮೈಸೂರಿನ ಜನ ಗಾಳಿಬೆಳಕಿನ ಪ್ರಿಯರು ಎಂದುಕೊಂಡಿದ್ದೆ.

ನಿಜ ತಿಳಿದದ್ದು ಮಗಳು ಬಸುರಿಯಾದಾಗ. ಅವಳಿರುವುದು ಬೆಂಗಳೂರಿನಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹಿಂದಿನ ಕೋಣೆಯನ್ನು ಬಾಣಂತಿ ಕೋಣೆ ಮಾಡುವುದು, ನೀರು ಹಾಕಲು ಯಾರನ್ನು ಕರೆಯುವುದು, ಇದನ್ನೆಲ್ಲ ನಾನು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಜನವರಿಯಲ್ಲಿ ಒಂದು ಸಂಜೆ ನನ್ನ ಹೆಂಡತಿ ಫೋನಿನಲ್ಲಿ ಬಹಳ ಹೊತ್ತು ಮಾತನಾಡಿದಳು. ಮಾತನಾಡಿದಳು ಎನ್ನುವುದಕ್ಕಿಂತ ಕೇಳಿಸಿಕೊಂಡಳು. ಆಮೇಲೆ ಸೊಪ್ಪು ಬಿಡಿಸುತ್ತ, "ನಾನೇ ಬೆಂಗಳೂರಿಗೆ ಹೋಗಿ ಮೂರು ತಿಂಗಳು ಇದ್ದು ಬರ್ತೀನಿ. ನಿಮಗೆ ಊಟಕ್ಕೆ ಮೆಸ್ ಗೊತ್ತುಮಾಡಿದರಾಯಿತು" ಎಂದಳು.

"ಯಾಕೆ? ಅವಳು ಇಲ್ಲಿಗೆ ಬರೋದಿಲ್ಲವೆ?"

"ಅಲ್ಲಿ ಆಸ್ಪತ್ರೆ ಹತ್ತಿರ."

"ಮೈಸೂರಿನಲ್ಲಿ ಆಸ್ಪತ್ರೆಗೇನು ಬರವೆ?"

ಅವಳು ಉತ್ತರ ಕೊಡಲಿಲ್ಲ. ದಂಟೂ ಎಲೆಯೂ ಬೇರೆ ಬೇರೆ ಆದವು. ಕೊನೆಗೆ ತಲೆಯೆತ್ತದೆ ಹೇಳಿದಳು: "ಮನೆ ವಾಸನೆ ಹೊಡೆಯುತ್ತಂತೆ. ಹಸುಗೂಸನ್ನು ಇಲ್ಲಿ ಮಲಗಿಸೋದಕ್ಕೆ ಹೆದರಿಕೆಯಂತೆ."

"ನಾನು ಬಿಟ್ಟು ಎರಡು ವರ್ಷವಾಯಿತಲ್ಲೇ!"

"ನೀವು ಬಿಟ್ಟಿರಿ. ಮನೆ ಇನ್ನೂ ಬಿಟ್ಟಿಲ್ಲ."

ಮೂವತ್ತೆರಡು ವರ್ಷದ ಸಂಸಾರದಲ್ಲಿ ಆಕೆ ನನಗೆ ಹೇಳಿದ ಅತ್ಯಂತ ಕಠಿಣವಾದ ಮಾತು ಅದು. ಹೇಳಿದ ಧ್ವನಿಯೇನೋ ಸೊಪ್ಪಿನ ಧಾರಣೆ ಹೇಳಿದಂತೆಯೇ ಇತ್ತು.

ಮಗಳು ಅಮ್ಮನಿಗೆ ಯಾವುದೋ ಲೇಖನ ಕಳಿಸಿದ್ದಳು. ರಾತ್ರಿ ಕನ್ನಡಕ ಹಾಕಿಕೊಂಡು ಅದನ್ನು ಓದಿದೆ. ಸೇದುವವನದು ಮೊದಲನೆಯ ಕೈ ಹೊಗೆ. ಪಕ್ಕದಲ್ಲಿ ಕುಳಿತವನದು ಎರಡನೆಯ ಕೈ. ಇಬ್ಬರೂ ಎದ್ದುಹೋದ ಮೇಲೆ ಗೋಡೆ, ಪರದೆ, ಹಾಸಿಗೆಗಳಲ್ಲಿ ಕೂತು ಉಳಿಯುತ್ತದಲ್ಲ, ಅದು ಮೂರನೆಯ ಕೈ. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಬಂದ ಲೇಖನದಿಂದ ಈ ಹೆಸರು ಬಳಕೆಗೆ ಬಂತಂತೆ. ಮರುವರ್ಷ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯವರು ಇನ್ನೊಂದು ಸಂಗತಿ ತೋರಿಸಿದರು: ಗೋಡೆಗೆ ಅಂಟಿದ ನಿಕೋಟಿನ್ ಸುಮ್ಮನೆ ಕೂತಿರುವುದಿಲ್ಲ, ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಸೇರಿ ಕ್ಯಾನ್ಸರು ತರುವಂಥ ವಸ್ತುಗಳಾಗಿ ಮಾರ್ಪಡುತ್ತದೆ. ಆ ಆಮ್ಲ ಎಲ್ಲಿಂದ ಬರುತ್ತದೆ ಎಂದರೆ, ಅಡುಗೆಮನೆಯ ಗ್ಯಾಸ್ ಒಲೆಯೂ ಒಂದು ಮೂಲ. ಅಂದರೆ ನಾನು ಹಾಲಿನಲ್ಲಿ ಅಂಟಿಸಿದ್ದನ್ನು ನನ್ನ ಹೆಂಡತಿ ಅಡುಗೆಮನೆಯಲ್ಲಿ, ಪಾಪ, ತಿಳಿಯದೆಯೇ ಹದಮಾಡುತ್ತಿದ್ದಳು. 2011ರಲ್ಲಿ ಸ್ಯಾನ್ ಡಿಯಾಗೊ ಊರಿನ ಸಂಶೋಧಕರು ಸೇದುವವರು ಖಾಲಿ ಮಾಡಿಹೋದ ಮನೆಗಳನ್ನು ಪರೀಕ್ಷಿಸಿದರಂತೆ. ಸ್ವಚ್ಛ ಮಾಡಿ, ಎರಡು ತಿಂಗಳು ಖಾಲಿ ಬಿಟ್ಟು, ಹೊಸಬರು ಬಂದ ಮೇಲೂ ನಿಕೋಟಿನ್ ಅಲ್ಲೇ ಇತ್ತು. ಹೊಸ ಬಾಡಿಗೆದಾರರ ಬೆರಳುಗಳಲ್ಲೂ ಇತ್ತು. ಕೂಸುಗಳಿಗೆ ಇದು ಹೆಚ್ಚು ಅಪಾಯ, ಏಕೆಂದರೆ ಅವು ನೆಲದ ಮೇಲೆ ಅಂಬೆಗಾಲಿಕ್ಕುತ್ತವೆ, ಸಿಕ್ಕಿದ್ದನ್ನೆಲ್ಲ ಮುಟ್ಟಿ ಕೈಯನ್ನು ಬಾಯಿಗೆ ಹಾಕುತ್ತವೆ.

ನಿದ್ರೆ ಬರಲಿಲ್ಲ. ಬ್ಯಾಂಕಿನವನ ಅಭ್ಯಾಸ, ಮಲಗಿದಲ್ಲೇ ಲೆಕ್ಕ ಹಾಕಿದೆ. ಈ ಮನೆಗೆ ಬಂದದ್ದು 1994ರಲ್ಲಿ. ಮನೆಯೊಳಗೆ ದಿನಕ್ಕೆ ಐದು ಸಿಗರೇಟು ಎಂದಿಟ್ಟುಕೊಂಡರೂ ಇಪ್ಪತ್ತೆಂಟು ವರ್ಷಕ್ಕೆ 51,100. ಐದು ಎಂಬುದೂ ನನ್ನ ಮೇಲಿನ ಕನಿಕರದಿಂದ ಹಾಕಿದ ಅಂಕಿ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ, ಕಚೇರಿಗಳಲ್ಲಿ ಸೇದಬಾರದೆಂಬ ನಿಯಮ ದೇಶದಲ್ಲೆಲ್ಲ ಜಾರಿಗೆ ಬಂತಷ್ಟೆ. ಒಳ್ಳೆಯ ನಿಯಮ. ಆದರೆ ಬ್ಯಾಂಕಿನಲ್ಲಿ ಸೇದದೆ ಉಳಿಸಿದ್ದನ್ನು ನಾನು ಸಂಜೆ ಮನೆಗೆ ತಂದು, ಹಾಲಿನ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತು ಬಡ್ಡಿಸಮೇತ ತೀರಿಸುತ್ತಿದ್ದೆ.

ಮೊದಲನೆಯ ಉಪಾಯ ಎಲ್ಲರಿಗೂ ಹೊಳೆಯುವಂಥದೇ. ಸಾಂಬ್ರಾಣಿ ಹಾಕಿದೆ. ಬೆಳಿಗ್ಗೆ ಸಂಜೆ ಕಟ್ಟುಗಟ್ಟಲೆ ಊದಿನಕಡ್ಡಿ ಹಚ್ಚಿದೆ. ಮೈಸೂರಿನಲ್ಲಿ ಊದಿನಕಡ್ಡಿಗೆ ಬರವಿಲ್ಲ. "ಹೊಗೆಗೆ ಹೊಗೆ ಹಾಕಿ ಹೊಗೆ ಓಡಿಸ್ತೀರಾ?" ಎಂದು ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಾಡಿದಳು. ಫಲ ಹೇಗಾಯಿತೆಂದು ತಿಳಿಯುವುದು ಹೇಗೆ? ನನ್ನ ಮೂಗು ಆ ವಾಸನೆಯಲ್ಲೇ ಪಳಗಿ ಹೋಗಿದೆ. ಹೆಂಡತಿಯದೂ ಅರ್ಧ ಹಾಗೆಯೇ. ಒಂದು ನಂಬಿಕಸ್ತ ಮೂಗನ್ನು ಹೊರಗಿನಿಂದ ತರಬೇಕಾಯಿತು.

ಪಕ್ಕದ ಮನೆಯಲ್ಲಿ ನಿವೃತ್ತ ರಸಾಯನಶಾಸ್ತ್ರದ ಮೇಷ್ಟರಿದ್ದಾರೆ. ಅವರನ್ನು ಕರೆದೆ. ಹಾಲಿನ ನಡುವೆ ನಿಂತು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, "ಏನೂ ಇಲ್ಲವಲ್ಲ ಸ್ವಾಮಿ!" ಎಂದರು. ನನಗೆ ಹಿಗ್ಗೋ ಹಿಗ್ಗು. ಅವರು ಜೇಬಿನಿಂದ ಡಬ್ಬಿ ತೆಗೆದು ಎರಡು ಹೊಳ್ಳೆಗೂ ನಶ್ಯ ಏರಿಸಿದ ಮೇಲೆ ಆ ಹಿಗ್ಗು ಇಳಿಯಿತು. ಈ ಕಾಲದಲ್ಲೂ ನಶ್ಯ ಸೇದುವ ಮಹಾಶಯರು ಉಳಿದಿದ್ದಾರೆ. ಅವರ ತಲೆ ಕೆಲಸಕ್ಕೆ ಬರುತ್ತದೆ, ಮೂಗು ಬರುವುದಿಲ್ಲ.

ಬಾಗಿಲಿಗೆ ಹೂವು ತರುವ ಹೆಂಗಸಿನ ಮೂಗು ಮಾತ್ರ ಮಲ್ಲಿಗೆ, ಮರುಗಗಳ ನಡುವೆ ಬೆಳೆದದ್ದು. ಅವಳನ್ನು ಒಳಗೆ ಕರೆದು ಕೇಳಿದೆ. ಅವಳು ಹೊಸಿಲ ಮೇಲೆಯೇ ನಿಂತು ನಕ್ಕಳು. "ಬ್ಯಾಸರ ಮಾಡ್ಕಬ್ಯಾಡಿ ಸಾಮಿ. ದೇವಸ್ಥಾನದೊಳ್ಗೆ ಯಾರೋ ಬೀಡಿ ಸೇದ್ದಂಗದೆ."

ಅಂದಿನಿಂದ ಅವಳೇ ನಮ್ಮ ಪರೀಕ್ಷಾಧಿಕಾರಿ.

ಎರಡನೆಯ ಉಪಾಯ ಸುಣ್ಣ. ಗೋಡೆ ಹಳೆಯದಾಗಿದೆ, ಒಂದು ಸಲ ಸುಣ್ಣ ಬಳಿಸಿದರೆ ಎಲ್ಲ ಮುಚ್ಚಿಹೋಗುತ್ತದೆ ಎಂದು ನಾನೇ ನಿರ್ಧರಿಸಿ ಆಳು ಕರೆಸಿ ಬಳಿಸಿದೆ. ಎರಡು ದಿನ ಮನೆ ಬೆಳ್ಳಗೆ ಹಾಲಿನ ಹಾಗಿತ್ತು. ಎಂಟನೆಯ ದಿನ ಕುರ್ಚಿಯ ಮೇಲ್ಭಾಗದಲ್ಲಿ, ಚಾವಣಿಯ ಮೂಲೆಯಲ್ಲಿ, ಹಳದಿಯ ಮಚ್ಚೆಗಳು ಮೆಲ್ಲಗೆ ಹೊರಕ್ಕೆ ಬಂದವು; ಮುಚ್ಚಿಟ್ಟ ಸಾಲ ಲೆಕ್ಕಪರಿಶೋಧಕನಿಗೆ ಸಿಕ್ಕುವ ಹಾಗೆ. ಹೂವಿನವಳು, "ಮೊದ್ಲಿಗಿಂತ ಜಾಸ್ತಿ ಆಗದೆ" ಎಂದು ತೀರ್ಪು ಕೊಟ್ಟಳು.

ಇದು ಮೇಷ್ಟರ ತಲೆಗೆ ಕೆಲಸ ಕೊಟ್ಟಿತು. "ನಿಮ್ಮಜ್ಜಿ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರೋ?" ಎಂದು ಕೇಳಿದರು.

"ಹಾಕುತ್ತಿದ್ದರು."

"ಸುಣ್ಣ ತೀಡಿಕೊಳ್ಳದೆ ಹಾಕುತ್ತಿದ್ದರೋ?"

ಇಲ್ಲ. ಸುಣ್ಣವಿಲ್ಲದೆ ಹೊಗೆಸೊಪ್ಪು ಯಾರೂ ಹಾಕುವುದಿಲ್ಲ. ಕಾರಣವನ್ನು ಮೇಷ್ಟರು ಪಾಠದಂತೆ ಹೇಳಿದರು. ನಿಕೋಟಿನ್ ಸ್ವಭಾವತಃ ಪ್ರತ್ಯಾಮ್ಲ. ಸುಣ್ಣದಂಥ ಕ್ಷಾರ ಸೇರಿದರೆ ಅದು ಬಂಧನದಿಂದ ಬಿಡಿಸಿಕೊಂಡು ಹಾರುತ್ತದೆ. ಅದಕ್ಕೇ ಸುಣ್ಣ ತೀಡಿದ ಹೊಗೆಸೊಪ್ಪು ಬೇಗ ತಲೆಗೇರುವುದು. ಹುಳಿ ಸೇರಿದರೆ ಲವಣವಾಗಿ ನೀರಿನಲ್ಲಿ ಕರಗಿ ಬರುತ್ತದೆ. "ಅಂದರೆ ನೀವು ನಿಮ್ಮ ಗೋಡೆಗೆ ಎಲೆಯಡಿಕೆ ಹಾಕಿಸಿದಿರಿ ಸ್ವಾಮಿ. ಮೊದಲು ತೊಳೆಯಬೇಕಿತ್ತು."

ಹುಣಸೂರಿನ ಶಾಖೆಯಲ್ಲಿ ನಾಲ್ಕು ವರ್ಷ ಇದ್ದವನು ನಾನು. ಹುಣಸೂರು, ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಸಾಲ ಕೊಡುವ ಎಷ್ಟೋ ಕಾಗದಗಳ ಮೇಲೆ ನನ್ನ ರುಜು ಇದೆ. ಅಲ್ಲಿಯ ಒಬ್ಬ ಮುದುಕ ರೈತ, ನಾನು ಸಿಗರೇಟು ನೀಡಿದಾಗ ಕೈಮುಗಿದು, "ನಾವು ಬೆಳೀತೀವಿ ಅಷ್ಟೇ ಸಾಮಿ, ಸೇದಕಿಲ್ಲ" ಎಂದಿದ್ದ. ಸೊಪ್ಪಿನ ದರ, ತೂಕ, ಸಾಲದ ಕಂತು ಎಲ್ಲ ನನಗೆ ತಿಳಿದಿತ್ತು. ಅದು ಹುಳಿಗೆ ಕರಗುತ್ತದೆ, ಸುಣ್ಣಕ್ಕೆ ಕೆರಳುತ್ತದೆ ಎಂಬುದು ತಿಳಿಯಲು ಅರವತ್ತು ದಾಟಬೇಕಾಯಿತು.

ಫೆಬ್ರವರಿ ತಿಂಗಳೆಲ್ಲ ತೊಳೆಯುವುದೇ ಆಯಿತು. ಬಳಿದ ಸುಣ್ಣವನ್ನು ಮೊದಲು ಕೆರೆಸಿದೆ. ಆಮೇಲೆ ಆಳನ್ನು ಕಳಿಸಿಬಿಟ್ಟು, ನಾನೇ ಸ್ಟೂಲು ಹತ್ತಿದೆ. ಡಾಕ್ಟರು ಸ್ಟೂಲು ಹತ್ತಬಾರದು ಎಂದಿರಲಿಲ್ಲ. ನಾನು ಕೇಳಿರಲೂ ಇಲ್ಲ. ಮೇಷ್ಟರ ಕ್ರಮ ಹೀಗೆ: ಸಿಗರೇಟಿನ ಟಾರು ಜಿಡ್ಡು ಸ್ವಭಾವದ್ದು, ಅದಕ್ಕೆ ಮೊದಲು ಬಿಸಿನೀರು, ಸೋಪಿನ ಪುಡಿ. ಅದನ್ನು ಬರಿಯ ನೀರಿನಲ್ಲಿ ಒರೆಸಿ ತೆಗೆದ ಮೇಲೆ, ಒಂದು ಪಾಲು ವಿನಿಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಇನ್ನೊಂದು ಸುತ್ತು. ಎರಡನ್ನೂ ಒಟ್ಟಿಗೆ ಬೆರೆಸಬಾರದು. ಬೆರೆಸಿದರೆ ಒಂದನ್ನೊಂದು ಕೊಂದುಕೊಂಡು ಎರಡೂ ಕೆಲಸಕ್ಕೆ ಬಾರದೆ ಹೋಗುತ್ತವೆ. ಬಟ್ಟೆಯನ್ನು ಪದೇ ಪದೇ ಬದಲಿಸಬೇಕು, ಇಲ್ಲವಾದರೆ ಇಲ್ಲಿಯದನ್ನು ಅಲ್ಲಿಗೆ ಬಳಿದಂತಾಗುತ್ತದೆ. ಕೆಳಗಿನಿಂದ ಮೇಲಕ್ಕೆ ತೊಳೆದರೆ ಮೇಲಿಂದ ಇಳಿಯುವ ಕೊಳೆನೀರು ಒಣಗೋಡೆಯ ಮೇಲೆ ಗೆರೆ ಬಿಡುವುದಿಲ್ಲ.

ಬಕೆಟಿನ ನೀರನ್ನು ಓದುಗರಿಗೆ ಹೇಗೆ ವರ್ಣಿಸಲಿ? ಕಾಫಿಯ ಡಿಕಾಕ್ಷನ್ ಎಂದರೆ ಸಾಕು. ಮೊದಲ ಸುತ್ತು ಗಟ್ಟಿ ಡಿಕಾಕ್ಷನ್, ಎರಡನೆಯದು ನೆಂಟರು ಹೆಚ್ಚಾದಾಗ ಇಳಿಸುವ ಎರಡನೆಯ ಡಿಕಾಕ್ಷನ್, ಐದನೆಯ ಸುತ್ತಿಗೆ ಹೋಟೆಲಿನ ಟೀ. ಫ್ಯಾನಿನ ರೆಕ್ಕೆಗಳ ಮೇಲೆ ಬೆರಳಿಟ್ಟರೆ ಬೆರಳು ಅಂಟಿಕೊಳ್ಳುತ್ತಿತ್ತು. ಟ್ಯೂಬ್‌ಲೈಟಿನ ಪಟ್ಟಿ, ಸ್ವಿಚ್ಚುಗಳ ಅಂಚು, ಬಾಗಿಲಿನ ಮೇಲ್ತುದಿ, ಗಡಿಯಾರದ ಗಾಜು, ಎಲ್ಲಿ ಕೈಯಿಟ್ಟರೂ ಅದೇ ಜೇನುಬಣ್ಣದ ಅಂಟು. ಗೋಡೆಯ ಮೇಲಿದ್ದ ನಮ್ಮ ತಂದೆಯ ಪಟವನ್ನು ಇಳಿಸಿದಾಗ ಅದರ ಹಿಂದೆ ಒಂದು ಬಿಳಿಯ ಚೌಕ ಕಂಡಿತು. ಇಡೀ ಗೋಡೆ ಒಂದು ಕಾಲಕ್ಕೆ ಆ ಬಣ್ಣದ್ದಾಗಿತ್ತು ಎಂದು ನಂಬುವುದೇ ಕಷ್ಟವಾಯಿತು. ತಂದೆಯವರು ಬದುಕಿದ್ದಾಗ ಅವರೆದುರು ನಾನು ಸೇದಿದವನಲ್ಲ. ಪಟವಾದ ಮೇಲೆ ಅವರ ಮುಖಕ್ಕೇ ಬಿಟ್ಟಿದ್ದೆ.

ಹೆಂಡತಿ ಕೆಳಗೆ ನಿಂತು ಬಟ್ಟೆ ಹಿಂಡಿ ಕೊಡುತ್ತಿದ್ದಳು. ಹಾಗೆ ಹಿಂಡುತ್ತ ಒಂದು ಮಧ್ಯಾಹ್ನ ಹೇಳಿದಳು: "ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಯೂನಿಫಾರಂ ನಮ್ಮ ಮನೇಲಿ ಇಡ್ತಿರಲಿಲ್ಲ, ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ.

"ಕ್ಲಾಸಿನಲ್ಲಿ ಪಕ್ಕ ಕೂರೋ ಹುಡುಗಿ ಏನೋ ಅಂದಳಂತೆ. ಟೀಚರ್ ಕೂಡ ಕರೆದು, ಮನೇಲಿ ಯಾರು ಸೇದ್ತಾರೆ ಅಂತ ಎಲ್ಲರೆದುರು ಕೇಳಿದರಂತೆ. ಅವತ್ತಿನಿಂದ ಮೇಷ್ಟರ ಮನೆ ಟೆರೇಸಿನ ಮೇಲೆ ಒಣಗಿಸಿ, ಅವರ ಮನೆಯಲ್ಲೇ ಇಸ್ತ್ರಿ ಮಾಡಿ, ಅಲ್ಲೇ ಹಾಕಿಕೊಂಡು ಸ್ಕೂಲಿಗೆ ಹೋಗ್ತಿದ್ದಳು. ಮೂರು ವರ್ಷ. ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು."

ನಾನು ಸ್ಟೂಲಿನ ಮೇಲೆಯೇ ನಿಂತಿದ್ದೆ. ಬೆಳಿಗ್ಗೆ ಎಂಟಕ್ಕೆ ಅವಳು ಮನೆಬಟ್ಟೆಯಲ್ಲಿ ಚೀಲ ಹಿಡಿದು ಪಕ್ಕದ ಮನೆಗೆ ಓಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಮೇಷ್ಟರ ಮಗಳ ಜೊತೆ ಲೆಕ್ಕ ಮಾಡಲು ಹೋಗುತ್ತಾಳೆ ಎಂದು ಯಾರೋ ಹೇಳಿದ್ದರು. ಕುರ್ಚಿಯಲ್ಲಿ ಕುಳಿತು, ಪತ್ರಿಕೆ ಹಿಡಿದು, ದಿನದ ಮೊದಲನೆಯದನ್ನು ಹಚ್ಚಿಕೊಂಡು, ಹುಡುಗಿಗೆ ಓದಿನಲ್ಲಿ ಎಷ್ಟು ಶ್ರದ್ಧೆ ಎಂದು ಸಂತೋಷಪಡುತ್ತಿದ್ದೆ. ನೀರು ಕುಡಿದು ಬರುತ್ತೇನೆಂದು ಕೆಳಗಿಳಿದೆ. ಅಂದು ಮತ್ತೆ ತೊಳೆಯಲಾಗಲಿಲ್ಲ.

ಮಾರ್ಚಿ ತಿಂಗಳಲ್ಲಿ ಬಣ್ಣ. ಈ ಸಲ ಮೇಸ್ತ್ರಿಯ ಮಾತು ಕೇಳಿದೆ. ತೊಳೆದ ಗೋಡೆ ಚೆನ್ನಾಗಿ ಒಣಗಿದ ಮೇಲೆ ಆಯಿಲ್ ಪ್ರೈಮರ್ ಒಂದು ಸುತ್ತು. ನೀರಿನ ಪ್ರೈಮರ್ ಆದರೆ ಉಳಿದ ಕಲೆ ಅದರಲ್ಲಿ ನೆನೆದು ಮತ್ತೆ ಮೇಲಕ್ಕೆ ಬರುತ್ತದಂತೆ. ಅದರ ಮೇಲೆ ಬಣ್ಣ ಎರಡು ಸುತ್ತು. ಬಣ್ಣದ ವಾಸನೆಯೂ ಕೂಸಿಗೆ ಒಳ್ಳೆಯದಲ್ಲವಾದ್ದರಿಂದ ಹೆರಿಗೆಗೆ ಮೂರು ತಿಂಗಳು ಮುಂಚೆಯೇ ಮುಗಿಸಿ, ಹಗಲೆಲ್ಲ ಕಿಟಕಿ ತೆಗೆದಿಟ್ಟೆವು. ಪರದೆಗಳನ್ನು ಮೂರು ಸಲ ಒಗೆದು ನಾಲ್ಕನೆಯ ಸಲ ಎಸೆದೆವು. ಹಾಸಿಗೆಯ ಹತ್ತಿಯನ್ನು ಹಿಂಜಿಸಿ ಹೊಸ ಗವಸು ಹಾಕಿಸೋಣ ಎಂದೆ. ಹಿಂಜುವವನು ಒಂದು ಹಿಡಿ ಹತ್ತಿ ತೆಗೆದು ಮೂಸಿ, ನನ್ನ ಮುಖ ನೋಡಿ, ಹೊಸ ಹತ್ತಿಯ ದರ ಹೇಳಿದ. ಬೆತ್ತದ ಕುರ್ಚಿ ಟೆರೇಸಿನ ಮೇಲೆ ಬಿಸಿಲಿಗೆ ಹೋಯಿತು. ಅದರ ಮೆತ್ತೆ ಕಸದ ಗಾಡಿಗೆ.

ನಡುವೆ ಒಬ್ಬ ತರುಣ ಬಂದು ಓಜೋನ್ ಬಿಡುವ ಯಂತ್ರವೊಂದನ್ನು ಮಾರಲು ನೋಡಿದ. ಒಂದು ರಾತ್ರಿ ಇಟ್ಟರೆ ವಾಸನೆ ಮಾಯ ಎಂದ. ಮೇಷ್ಟರು ಕಾಂಪೌಂಡಿನ ಆಚೆಯಿಂದಲೇ, "ಓಜೋನ್ ಆಕಾಶದಲ್ಲಿರಲಪ್ಪ, ಶ್ವಾಸಕೋಶಕ್ಕೆ ಬೇಡ" ಎಂದು ಕೂಗಿ ಅವನನ್ನು ಕಳಿಸಿಕೊಟ್ಟರು. ಜನ ವಾಸಿಸುವ ಮನೆಯಲ್ಲಿ ಅಂಥದನ್ನು ಬಳಸಬೇಡಿ ಎಂದು ಅಮೆರಿಕದ ಪರಿಸರ ಇಲಾಖೆಯೇ ಎಚ್ಚರಿಸಿದೆಯೆಂದು ಆಮೇಲೆ ಓದಿದೆ.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಪುಸ್ತಕಗಳು. ಗೋಡೆಯನ್ನು ತೊಳೆಯಬಹುದು, ಎರಡು ಬೀರು ಪುಸ್ತಕವನ್ನು ತೊಳೆಯುವುದುಂಟೆ? ಹಾಳೆ ಹಾಳೆಯಲ್ಲೂ ಹೊಗೆ ಕೂತಿತ್ತು. ಮುಚ್ಚಳವಿರುವ ಪೆಟ್ಟಿಗೆಗಳಲ್ಲಿ ಒಂದು ಬಟ್ಟಲು ಅಡುಗೆ ಸೋಡ, ಇನ್ನೊಂದರಲ್ಲಿ ಇದ್ದಿಲು ಇಟ್ಟು, ಪುಸ್ತಕಗಳನ್ನು ಬಿಡಿಸಿ ನಿಲ್ಲಿಸಿ, ತಿಂಗಳುಗಟ್ಟಲೆ ಮುಚ್ಚಿಟ್ಟೆ. ಕೆಲವು ಸುಧಾರಿಸಿದವು. ಕೆಲವು ಮೊಂಡು. ಮೊಂಡು ಪುಸ್ತಕಗಳನ್ನೆಲ್ಲ ಮೇಷ್ಟರು ತಮ್ಮ ಮನೆಗೆ ಒಯ್ದರು. ಅವರ ಮೂಗಿನಿಂದ ಸಿಕ್ಕಿದ ಪ್ರಯೋಜನ ಇದೊಂದೇ.

ಏಪ್ರಿಲ್ ಕೊನೆಯಲ್ಲಿ ಹೂವಿನವಳು ಹಾಲಿನೊಳಗೆಲ್ಲ ಒಂದು ಸುತ್ತು ಬಂದು, "ಈಗ ಮನೆ ವಾಸ್ನೆ ಬತ್ತದೆ ಸಾಮಿ" ಎಂದಳು. ಮನೆ ವಾಸನೆ ಎಂದರೇನೆಂದು ಕೇಳಿದೆ. ಒಗ್ಗರಣೆ, ಸೋಪು, ಒಣಗಿದ ಬಟ್ಟೆ ಎಂದಳು.

ಮಗಳಿಗೆ ನಾನೇ ಫೋನು ಮಾಡಿದೆ. ಬಂದು ಒಂದು ಸಲ ನೋಡಿಹೋಗು, ನಿನಗೆ ಸರಿಬಂದರೆ ಮಾತ್ರ, ಎಂದೆ. ಅಳಿಯನ ಜೊತೆ ಒಂದು ಭಾನುವಾರ ಬಂದಳು. ಚಪ್ಪಲಿ ಬಿಟ್ಟು, ಹೊಸಿಲಿನಲ್ಲಿ ನಿಂತು, ಗೋಡೆ ನೋಡಿದಳು. ಕುರ್ಚಿಯಿದ್ದ ಮೂಲೆಗೆ ಹೋಗಿ ನಿಂತಳು. ಅಳಿಯ, "ಏನೂ ಇಲ್ಲ, ಚೆನ್ನಾಗಿದೆ" ಎಂದ. ಅಳಿಯಂದಿರು ಹೇಳುವ ಮಾತು ಅದು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಸ್ವಲ್ಪ ಇದೆ ಅಪ್ಪ" ಎಂದಳು. "ಮಳೆ ಬಂದರೆ ಇನ್ನೂ ಗೊತ್ತಾಗುತ್ತೆ. ಆದರೆ ಹಿಂದಿನ ಕೋಣೆ ಚೆನ್ನಾಗಿದೆ. ಅಲ್ಲಿ ಇರ್ತೀನಿ. ಮಗೂನ ಹಾಲಿಗೆ ತರೋದಿಲ್ಲ. ಬೇಸರ ಮಾಡ್ಕೋಬೇಡಿ."

ಯೂನಿಫಾರಮ್ಮಿನ ವಿಷಯ ಕೇಳಬೇಕೆಂದು ಬಾಯಿಗೆ ಬಂದಿತ್ತು. ಹೆಂಡತಿಯ ಆಣೆ ನೆನಪಾಗಿ, "ಮೇಷ್ಟರ ಮನೆಗೂ ಹೋಗಿಬಾ, ಕೇಳ್ತಾ ಇದ್ದರು" ಎಂದಷ್ಟೇ ಅಂದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ನಿಮಗೆ ಅಮ್ಮ ಹೇಳಿಬಿಟ್ಟಿದ್ದಾಳೆ" ಎಂದಳು. ನಾನು ತಲೆಯಾಡಿಸಿದೆ. "ಟೀಚರಿಗೆ ನಾನು, ಬಸ್ಸಿನಲ್ಲಿ ಯಾರೋ ಸೇದ್ತಿದ್ದರು ಅಂತ ಹೇಳಿದ್ದೆ" ಎಂದು ಹೇಳಿ, ಪಕ್ಕದ ಮನೆಗೆ ಹೋದಳು.

ಹೆರಿಗೆ ಮೈಸೂರಿನಲ್ಲೇ ಆಯಿತು, ಹೆಣ್ಣು ಕೂಸು. ಹಿಂದಿನ ಕೋಣೆಗೆ ಹೋಗಬೇಕಾದರೆ ನಾನು ಕೈ ತೊಳೆದು, ಒಗೆದ ಅಂಗಿ ಹಾಕಿಕೊಳ್ಳಬೇಕು. ಅದು ಮಗಳು ಹಾಕಿದ ನಿಯಮ, ನಾನು ಮೀರುವುದಿಲ್ಲ. ಮಳೆಗಾಲ ಹಿಡಿದ ಮೇಲೆ ಅವಳು ಹೇಳಿದಂತೆಯೇ ಆಯಿತು. ಗಾಳಿಯಲ್ಲಿ ತೇವ ಏರಿದ ದಿನ ಆ ಮೂಲೆ ಉಸಿರುಬಿಡುತ್ತದೆಯಂತೆ. ನನಗೆ ಈಗಲೂ ತಿಳಿಯುವುದಿಲ್ಲ. ಮಗಳು ಹಾಲಿನ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡರೆ ತಿಳಿಯುತ್ತದೆ. ಆಗ ಬಕೆಟು, ಬಟ್ಟೆ ತೆಗೆದುಕೊಂಡು ಅಲ್ಲಿ ಒಂದು ಸುತ್ತು ಒರೆಸುತ್ತೇನೆ. ನೀರು ಈಚೆಗೆ ಬಹುಮಟ್ಟಿಗೆ ತಿಳಿಯಾಗಿಯೇ ಬರುತ್ತದೆ.

ಇಂದು ಬೆಳಗಿನಿಂದ ಚಾಮುಂಡಿಬೆಟ್ಟದ ಕಡೆ ಮೋಡ ಕಟ್ಟಿದೆ. ವಿನಿಗರ್ ಬಾಟಲಿ ನೋಡಿದೆ, ತಳದಲ್ಲಿ ಎರಡು ಚಮಚದಷ್ಟಿದೆ. ಮಳೆ ಶುರುವಾಗುವ ಮುಂಚೆ ಅಂಗಡಿಗೆ ಹೋಗಿಬರಬೇಕು.